ಉಯಿಲು ಬರೆಯಲು ವಕೀಲರು ಬೇಕೇ?

ಪ್ರಶ್ನೆ: ನನಗೆ 68 ವರ್ಷ. ಮೈಸೂರಿನಲ್ಲಿ ಸ್ವಯಾರ್ಜಿತ ಮನೆ, ಬ್ಯಾಂಕಿನಲ್ಲಿ ಠೇವಣಿ ಇದೆ. ಪತ್ನಿ, ಇಬ್ಬರು ಮಕ್ಕಳಿದ್ದಾರೆ. ಉಯಿಲನ್ನು ನಾನೇ ಬರೆದಿಟ್ಟರೆ ನಡೆಯುತ್ತದೆಯೇ?

ಉತ್ತರ: ಖಂಡಿತ ನಡೆಯುತ್ತದೆ. ವಕೀಲರೇ ಬರೆಯಬೇಕೆಂದಾಗಲಿ, ಛಾಪಾ ಕಾಗದವೇ ಆಗಬೇಕೆಂದಾಗಲಿ ಕಾನೂನು ಹೇಳುವುದಿಲ್ಲ. ಬಿಳಿ ಹಾಳೆ ಸಾಕು. ಮುಖ್ಯವಾದದ್ದು ಸಾಕ್ಷಿ. 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯ 63ನೇ ಕಲಂ ಪ್ರಕಾರ ಕನಿಷ್ಠ ಇಬ್ಬರು ಬೇಕು. ಅವರನ್ನು ಎದುರಿಗೆ ಕೂರಿಸಿಕೊಂಡೇ ಸಹಿ ಮಾಡಿ. ಅವರೂ ನಿಮ್ಮೆದುರೇ ಸಹಿ ಹಾಕಲಿ. ಸಾಕ್ಷಿಗಳು ನಿಮಗಿಂತ ಕಿರಿಯರೂ ಆಸ್ತಿಯಲ್ಲಿ ಪಾಲಿಲ್ಲದವರೂ ಆಗಿದ್ದರೆ ಕ್ಷೇಮ. ಮುಂದೆ ತಕರಾರು ಎದ್ದರೆ ಕೋರ್ಟಿನಲ್ಲಿ ಹೇಳಿಕೆ ಕೊಡಬೇಕಾದವರು ಅವರೇ.

ಮನೆಯ ಚಕ್ಕುಬಂದಿ, ಖಾತೆ, ಠೇವಣಿಯ ವಿವರ ಸ್ಪಷ್ಟವಾಗಿರಲಿ. ನಾಮಿನಿ ಇದ್ದಾರಲ್ಲ ಎಂದು ಠೇವಣಿಯನ್ನು ಕೈಬಿಡಬೇಡಿ. ನಾಮಿನಿ ಹಣ ಪಡೆದುಕೊಳ್ಳುವವರಷ್ಟೇ, ಅದರ ಒಡೆಯರಲ್ಲ. ನೋಂದಣಿ ಕಡ್ಡಾಯವಲ್ಲ. ಆದರೂ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಮಾಡಿಸಿದರೆ ದಾಖಲೆ ಅಲ್ಲಿ ಉಳಿಯುತ್ತದೆ.

ಮಕ್ಕಳಲ್ಲಿ ಒಬ್ಬರಿಗೆ ಏನೂ ಕೊಡದಿರುವ ಯೋಚನೆಯಿದ್ದರೆ, ಪಿತ್ರಾರ್ಜಿತ ಆಸ್ತಿ ಬೆರೆತಿದ್ದರೆ, ಮನೆಯಲ್ಲಿ ಈಗಾಗಲೇ ಮನಸ್ತಾಪವಿದ್ದರೆ ಮಾತ್ರ ವಕೀಲರ ಶುಲ್ಕ ಉಳಿಸಲು ಹೋಗಬೇಡಿ.