ಧೂಪದ ಮರವೂ ಊದುಬತ್ತಿಯೂ

ಜಡಿಮಳೆ ನಾಲ್ಕು ದಿನ ಬಿಡದೆ ಹಿಡಿದಾಗ ನಮ್ಮ ಮನೆಗಳಲ್ಲಿ ಏಳುವ ಮುಗ್ಗಲು ವಾಸನೆಯನ್ನು ಸದಸ್ಯ ಬಾಂಧವರಿಗೆ ವಿವರಿಸಬೇಕಾಗಿಲ್ಲ. ಆಗ ಬಚ್ಚಲೊಲೆಯ ನಾಲ್ಕು ಕೆಂಡಗಳ ಮೇಲೆ ಚಿಟಿಕೆ ಧೂಪದ ಪುಡಿ ಉದುರಿಸಿ ಅಜ್ಜಿ ಕೋಣೆಯಿಂದ ಕೋಣೆಗೆ ಒಯ್ಯುತ್ತಿದ್ದುದನ್ನು ಕಂಡವರು ನಮ್ಮಲ್ಲಿ ಇನ್ನೂ ಅನೇಕರಿದ್ದಾರೆ. ಬಾಣಂತಿಯ ಕೋಣೆಗೂ, ಎಣ್ಣೆಸ್ನಾನದ ಕೂದಲಿಗೂ, ಸಂಜೆ ಕೊಟ್ಟಿಗೆಗೂ ಅದೇ ಧೂಪ. ಕಳೆದ ಮಹಾಸಭೆಯ ದಿನ ಸಂಘದ ಕಚೇರಿಯಲ್ಲಿ ನಾವು ಹಚ್ಚಿಟ್ಟಿದ್ದ ಊದುಬತ್ತಿ ಯಾವ ಅಂಗಡಿಯದೆಂದು ಕೆಲವರು ವಿಚಾರಿಸಿದರು. ಅದು ಅಂಗಡಿಯದಲ್ಲ, ಮನೆಯಲ್ಲಿ ಹೊಸೆದದ್ದು. ಅದರ ಮೂಲ ನಮ್ಮ ತೋಟದ ಮರಗಳಲ್ಲೇ ಇರುವುದರಿಂದ ನಾಲ್ಕು ಮಾತು ಬರೆಯುತ್ತಿದ್ದೇವೆ.

ಮೊದಲು ಹೆಸರಿನ ಗೊಂದಲ. ಧೂಪದ ಮರ ಎಂದು ನಾವು ಕರೆಯುವುದು ಒಂದೇ ಮರವನ್ನಲ್ಲ. ಸಾಲುಧೂಪ, ಅಂದರೆ ವಟೇರಿಯಾ ಇಂಡಿಕಾ, ಹೊಳೆದಂಡೆಯಲ್ಲಿಯೂ ಹಳೆಯ ರಸ್ತೆಗಳ ಇಕ್ಕೆಲಗಳಲ್ಲಿಯೂ ಕಾಣುವ ಮರ. ಅಂಟು ಬಿಳಿಯದು, ಬೀಜದಲ್ಲಿ ಕೊಬ್ಬೂ ಉಂಟು. ಕರಿಧೂಪ, ಕೆನೇರಿಯಂ ಸ್ಟ್ರಿಕ್ಟಂ, ದಟ್ಟ ಕಾಡಿನದು. ಎಳೆ ಚಿಗುರು ಕೆಂಪಗೆ ದೂರಕ್ಕೇ ಕಾಣುತ್ತದೆ, ಅಂಟು ಒಣಗಿದರೆ ಕಪ್ಪು ಗಾಜಿನ ಚೂರಿನಂತೆ ಹೊಳೆಯುತ್ತದೆ. ಇವೆರಡೂ ಕೆಂಡಕ್ಕೆ ಹಾಕಲು ಚೆನ್ನ. ಊದುಬತ್ತಿಗೆ ಹೇಳಿ ಮಾಡಿಸಿದ್ದು ಮೂರನೆಯದು: ಹಾಲುಮಡ್ಡಿ. ಮರದ ಸಸ್ಯಶಾಸ್ತ್ರದ ಹೆಸರು ಐಲಾಂತಸ್ ಟ್ರೈಫೈಸಾ. ಮರ ಮೃದು, ಬೇಗ ಬೆಳೆಯುವಂಥದು. ಬೆಂಕಿಕಡ್ಡಿಯ ಕಾರ್ಖಾನೆಗಳಿಗೆ ಹೋಗುತ್ತಿದ್ದುದರಿಂದ ನಮ್ಮಲ್ಲಿ ಅನೇಕರು ಅದನ್ನು ಬೆಂಕಿಪೊಟ್ಟಣದ ಮರವೆಂದಷ್ಟೇ ಬಲ್ಲರು. ಕೇರಳದಲ್ಲಿ ಅದಕ್ಕೆ ಕಾಳುಮೆಣಸು ಹಬ್ಬಿಸುವ ರೂಢಿಯೂ ಇದೆ.

ಗಾಯವಾದಲ್ಲಿ ಒಸರುವ ಅಂಟು ಮೊದಲು ಹಾಲಿನಂತೆ ಬಿಳುಪು, ಬರಬರುತ್ತ ಬೂದು. ಎಷ್ಟು ದಿನವಿಟ್ಟರೂ ಪೂರ್ತಿ ಗಟ್ಟಿಯಾಗದೆ, ಗಾಳಿಯ ತೇವವನ್ನು ಹೀರಿಕೊಂಡು ಮೆತ್ತಗೇ ಇರುವುದು ಅದರ ಗುಣ. ಬತ್ತಿ ನಿಧಾನವಾಗಿ ಉರಿಯುವುದೂ, ಪರಿಮಳ ಒಮ್ಮೆಗೇ ಮೂಗಿಗೆ ಹೊಡೆಯದೆ ಮೆಲ್ಲಗೆ ಕೋಣೆ ತುಂಬುವುದೂ ಇದರಿಂದಲೇ. ಮೈಸೂರು ಅಗರಬತ್ತಿಗೆ 2005ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ದೊರೆಯಿತು. ಆ ಹಳೆಯ ಮಸಾಲೆ ಬತ್ತಿಗಳ ಹೆಸರಿನ ಹಿಂದೆ ಘಟ್ಟದ ಈ ಮಡ್ಡಿಯ ಪಾಲು ಸಣ್ಣದಲ್ಲ. ಇಂದು ಅಗ್ಗಕ್ಕೆ ಸಿಗುವುದರಲ್ಲಿ ಬಹುಪಾಲು ಇದ್ದಿಲಿನ ಕಪ್ಪು ಬತ್ತಿಯನ್ನು ತಯಾರಿಸಿದ ಸುಗಂಧದ ದ್ರಾವಣದಲ್ಲಿ ಅದ್ದಿ ಒಣಗಿಸಿದ್ದು. ಪೊಟ್ಟಣ ಬಿಚ್ಚಿದಾಗ ಮಲ್ಲಿಗೆ, ಹಚ್ಚಿದ ಮೇಲೆ ತಲೆನೋವು. (ಕೈಯಲ್ಲಿ ಹೊಸೆದದ್ದಾದರೂ ಹೊಗೆ ಹೊಗೆಯೇ. ಉಬ್ಬಸದವರಿರುವ ಮನೆಯಲ್ಲಿ, ಮುಚ್ಚಿದ ಕೋಣೆಯಲ್ಲಿ ಯಾವುದನ್ನೂ ಹಚ್ಚಬಾರದು.)

ನಮ್ಮ ಮನೆಯ ಅಳತೆ ಹೀಗಿದೆ: ಜಿಗಟಿನ ಪುಡಿ ಒಂದು ಪಾಲು, ಜರಡಿ ಹಿಡಿದ ಇದ್ದಿಲ ಪುಡಿ ಎರಡು ಪಾಲು, ಹಾಲುಮಡ್ಡಿ ಅರ್ಧ ಪಾಲು, ಲಾವಂಚದ ಬೇರಿನ ಪುಡಿ ಒಂದು ಹಿಡಿ. ಮಡ್ಡಿಯ ಬಟ್ಟಲನ್ನು ಬಿಸಿನೀರಿನಲ್ಲಿಟ್ಟು, ಸ್ವಲ್ಪ ಜೇನು ಬೆರೆಸಿದರೆ ಸಡಿಲವಾಗುತ್ತದೆ. ಪುಡಿಗಳಿಗೆ ಸೇರಿಸಿ, ನೀರು ಚಿಮುಕಿಸಿ, ಚಪಾತಿ ಹಿಟ್ಟಿನ ಹದಕ್ಕೆ ಚೆನ್ನಾಗಿ ನಾದಬೇಕು. ಮಣೆಯ ಮೇಲೆ ಬಿದಿರ ಕಡ್ಡಿಗೆ ಅಂಗೈಯಿಂದ ಹೊಸೆದು, ಅಂಟದಂತೆ ಮೇಲೆ ಒಣ ಪುಡಿಯಲ್ಲಿ ಹೊರಳಿಸಿ, ನೆರಳಿನಲ್ಲಿ ಒಣಗಿಸಬೇಕು, ಬಿಸಿಲಿಗಿಟ್ಟರೆ ಬಿರಿಯುತ್ತದೆ. ಮಾರ್ಚ್ ತಿಂಗಳೇ ಸರಿ, ಮಳೆಗಾಲದಲ್ಲಿ ಕೈಹಾಕಬಾರದು. ನಾವು ಮೊದಲ ದಿನ ಹೊಸೆದ ಬತ್ತಿಗಳು ಚಕ್ಕುಲಿಯ ತುಂಡಿನಂತಿದ್ದವು. ಮನೆಯಾಕೆ ಮಾಡಿದವು ಮಾತ್ರ ನೆಟ್ಟಗಿದ್ದವು. ದಿನಕ್ಕೆ ಸಾವಿರಗಟ್ಟಲೆ ಹೊಸೆದು ಸಾವಿರದ ಲೆಕ್ಕದಲ್ಲಿ ಕೂಲಿ ಪಡೆಯುವ ಹೆಂಗಸರ ಕೈಗೆ ಬೆಲೆ ಕಟ್ಟಬೇಕಾದವರು ಒಂದು ಸಂಜೆ ಮಣೆಯ ಮುಂದೆ ಕೂತು ನೋಡಲಿ.

ಈಗ ಜಿಗಟಿನ ವಿಷಯ. ಇದು ಗುಳಮಾವಿನ ತೊಗಟೆಯ ಪುಡಿ. ಪರಿಮಳವಿಲ್ಲ, ಆದರೆ ಇದಿಲ್ಲದೆ ಬತ್ತಿ ಕಡ್ಡಿಗೆ ನಿಲ್ಲದು. ಪದವಿ ಮುಗಿಸಿ ತೋಟಕ್ಕೆ ಬಂದ ಹೊಸತರಲ್ಲಿ, 1996ರ ಬೇಸಿಗೆಯಲ್ಲಿ, ವ್ಯಾಪಾರಿಯೊಬ್ಬರು ಬಂದು ತೊಗಟೆಗೆ ಕಿಲೋ ಲೆಕ್ಕದಲ್ಲಿ ನಗದು ಕೊಡುತ್ತೇವೆಂದರು. ಮರ ಕಡಿಯುವುದಿಲ್ಲವಲ್ಲ ಎಂದು ಒಪ್ಪಿದೆವು. ಏಳು ಮರಗಳು. ಮೂರಕ್ಕೆ ಮೆಣಸು ಹಬ್ಬಿತ್ತು. ಬಳ್ಳಿ ಬಿಡಿಸಿ ಪಕ್ಕಕ್ಕಿಟ್ಟು, ಆಳೆತ್ತರದವರೆಗೆ ಸುತ್ತಲೂ ತೊಗಟೆ ಸುಲಿದರು. ನಾವು ನೋಡುತ್ತ ನಿಂತಿದ್ದೆವು. ಮರುವರ್ಷ ತುದಿ ಒಣಗತೊಡಗಿತು, ಎರಡನೆಯ ವರ್ಷ ಏಳೂ ಮರಗಳು ಸತ್ತವು. ಬಿಸಿಲು ಬಿದ್ದ ಆ ಜಾಗದ ಅರೇಬಿಕಾ ಗಿಡಗಳಿಗೆ ಬಿಳಿ ಕಾಂಡಕೊರಕ ಹತ್ತಿತು. ತಂದೆಯವರು ಒಂದು ಮಾತೂ ಆಡಲಿಲ್ಲ. ಆ ಹಣದಿಂದ ತಂದ ಸ್ಪ್ರೇಯರನ್ನು ಮಾತ್ರ ಅವರು ಕೊನೆಯವರೆಗೂ ಮುಟ್ಟಲಿಲ್ಲ.

ಶಾಸ್ತ್ರ ಸರಳವೇ. ಎಲೆಯಲ್ಲಿ ತಯಾರಾದ ಆಹಾರ ಬೇರಿಗೆ ಇಳಿಯುವುದು ಒಳತೊಗಟೆಯ ಮೂಲಕ. ಸುತ್ತಲೂ ಸುಲಿದರೆ ಬೇರು ಹಸಿವಿನಿಂದ ಸಾಯುತ್ತದೆ. ಸ್ವಲ್ಪ ಸಮಯ ಮೇಲೆ ಹಸಿರು ಉಳಿದಿರುವುದು ನಮ್ಮನ್ನು ಮೋಸಗೊಳಿಸುತ್ತದೆ. ಕಾಲೇಜಿನಲ್ಲಿ ಇದನ್ನು ಓದಿ ಪರೀಕ್ಷೆಯಲ್ಲಿ ಬರೆದೂ ಇದ್ದೆವು! ಈಗ ನಾವು ಜಿಗಟಿಗೆ ಬಳಸುವುದು ಮರಗಸಿಯಲ್ಲಿ ಬಿದ್ದ ಗುಳಮಾವಿನ ಕೊಂಬೆಗಳ ತೊಗಟೆ ಮಾತ್ರ. ಮನೆಬಳಕೆಗೆ ಅದು ಧಾರಾಳ.

ಮಡ್ಡಿ ತೆಗೆಯುವಲ್ಲಿಯೂ ಇದೇ ಎಚ್ಚರ ಬೇಕು. ಬಲಿತ ಮರಕ್ಕೆ, ಒಣ ಹವೆಯಲ್ಲಿ, ಅಂಗೈಯಗಲದ ಒಂದೆರಡು ಕೆತ್ತು ಸಾಕು. ಕತ್ತಿ ತೊಗಟೆಯಲ್ಲೇ ನಿಲ್ಲಬೇಕು, ಮರಕ್ಕೆ ತಾಗಬಾರದು. ಗಾಯ ಮಾಯುವವರೆಗೆ ಆ ಮರದ ತಂಟೆಗೆ ಹೋಗಬಾರದು. ಕರಿಧೂಪದ ಬುಡಕ್ಕೆ ಬೆಂಕಿಯಿಟ್ಟು ಅಂಟು ಇಳಿಸುವ ಪದ್ಧತಿ ಕೆಲವೆಡೆ ಇದೆ. ಬುಡ ಸುಟ್ಟ ಮರ ಪೊಳ್ಳಾಗಿ ಒಂದು ಗಾಳಿಮಳೆಗೆ ಉರುಳುತ್ತದೆ. ಸೊಪ್ಪಿನ ಬೆಟ್ಟದಲ್ಲಿ ನಮಗಿರುವುದು ಸೊಪ್ಪು, ತರಗೆಲೆಗಳ ಸವಲತ್ತೇ ಹೊರತು ಮರದ ಒಡೆತನವಲ್ಲ. ಅಲ್ಲಿ ಕೆತ್ತುವ ಮೊದಲು ಅರಣ್ಯ ಇಲಾಖೆಯ ವಲಯ ಕಚೇರಿಯಲ್ಲಿ ವಿಚಾರಿಸುವುದು ಕ್ಷೇಮ. ಸ್ವಂತ ತೋಟದ ಮರ ಕಡಿಯುವುದಕ್ಕೂ 1976ರ ಮರ ಸಂರಕ್ಷಣಾ ಕಾಯಿದೆ ಇದೆಯೆಂಬುದು ಗೊತ್ತಿರುವುದೇ.

ಸತ್ತ ಮರಗಳ ಜಾಗದಲ್ಲಿ ಸಾಲುಧೂಪ ಎಬ್ಬಿಸಲು ಹೋಗಿ ಎರಡು ಸಲ ಸೋತೆವು. ಬೀಜವನ್ನು ಒಣಗಿಸಿ ಡಬ್ಬದಲ್ಲಿಟ್ಟು ಬಿತ್ತಿದ್ದೇ ತಪ್ಪು. ಒಣಗಿದರೆ ಅದು ಮೊಳೆಯುವುದಿಲ್ಲ. ಮಳೆಗಾಲದ ಆರಂಭದಲ್ಲಿ ಕಾಯಿ ಉದುರುತ್ತಲೇ ಆರಿಸಿ, ಆ ವಾರದಲ್ಲೇ ಚೀಲಕ್ಕೆ ಹಾಕಿ ನೆರಳಿನಲ್ಲಿಡಬೇಕು. ಮೂರನೆಯ ಸಲದ ಹನ್ನೊಂದು ಗಿಡಗಳು ಬದುಕಿವೆ. ಈ ಮಳೆಗೆ ಬೀಜ ಬೇಕಾದವರು ಮುಂಚಿತವಾಗಿ ಕಚೇರಿಯಲ್ಲಿ ಹೆಸರು ಬರೆಸಿದರೆ ಉದುರಿದ ದಿನವೇ ತಿಳಿಸುತ್ತೇವೆ. ಹಸಿ ಗೋಣಿಚೀಲ ತರುವುದನ್ನು ಮರೆಯಬಾರದು.