ದಿಕ್ಕು ಗೊತ್ತಿದ್ದರೆ ದಾರಿ ಸಿಗ್ತದೆ

ಅಕ್ಕಂದಿರೇ, ಕುರುಗೋಡು ಗುಡ್ಡಕ್ಕೆ ಕಟ್ಟಿಗೆಗೆ ಹೋದಾಗ ಕಾಲುದಾರಿ ತಪ್ಪಿತಾ? ಗಾಬರಿಯಾಗಿ ಓಡಬೇಡಿರಿ. ನಿಲ್ಲಿರಿ.

ಬೆಳಗಿನ ಸೂರ್ಯನಿಗೆ ಮುಖ ಮಾಡಿರಿ. ಎದುರಿಗೆ ಪೂರ್ವ, ಬೆನ್ನಿಗೆ ಪಶ್ಚಿಮ. ಎಡಗೈಗೆ ಉತ್ತರ, ಅತ್ತ ಸಿರುಗುಪ್ಪ. ಬಲಗೈಗೆ ದಕ್ಷಿಣ, ಅತ್ತ ಬಳ್ಳಾರಿ. ನಿಮ್ಮೂರು ಯಾವ ದಿಕ್ಕಿಗೆ? ಗುಡ್ಡ ಹತ್ತುವ ಮೊದಲೇ ನೋಡಿಕೊಳ್ಳಿರಿ.

ಮೋಡ ಕವಿದರೆ ದಿಕ್ಸೂಚಿ ಬೇಕು. ಅದರ ಮುಳ್ಳಿನ ಬಣ್ಣದ ತುದಿ ಉತ್ತರ ತೋರಿಸ್ತದೆ. ಕೊಡಲಿ, ಕುಡುಗೋಲು ದೂರ ಇಡಿರಿ. ಕಬ್ಬಿಣ ಹತ್ತಿರ ಇದ್ದರೆ ಮುಳ್ಳು ತಪ್ಪು ಹೇಳ್ತದೆ.

ಮೊಬೈಲಿನ ಜಿಪಿಎಸ್ ಉಪಗ್ರಹಗಳಿಂದ ನಾವಿರುವ ಜಾಗ ಹೇಳ್ತದೆ. ಸಿಗ್ನಲ್ ಇಲ್ಲದಿದ್ದರೂ ನಡೀತದೆ. ಆದರೆ ನಕ್ಷೆ ಮೊದಲೇ ಇಳಿಸಿಕೊಂಡಿರಬೇಕು. ಚಾರ್ಜೂ ಇರಬೇಕು.

ಎಲ್ಲಿಗೆ, ಯಾರ ಜೊತೆ ಅಂತ ಮನೆಯಲ್ಲಿ ಹೇಳಿ ಹೊರಡಿರಿ. ಕಷ್ಟ ಬಂದರೆ 112ಕ್ಕೆ ಫೋನ್ ಮಾಡಿರಿ.

ಬರೆಯಿರಿ: ನಿಮ್ಮ ಮನೆ ಬಾಗಿಲು ಯಾವ ದಿಕ್ಕಿಗೆ ಐತೆ?