ವಾರದ ಅಡಿಗೆಯ ಕ್ರಮವೂ ಮನೆಯ ಹಣವೂ

ಮನೆವಾರ್ತೆಯ ವೆಚ್ಚಗಳಲ್ಲಿ ಯಾವದು ದೊಡ್ಡದೆಂದು ಕೇಳಿದರೆ, ಮದುವೆಯೆಂದು ಕೆಲವರೂ ಔಷಧವೆಂದು ಕೆಲವರೂ ಹೇಳುವರು. ಲೆಕ್ಕವಾದರೋ ಬೇರೆ ಮಾತನ್ನು ಹೇಳುತ್ತದೆ. 2023-24ರಲ್ಲಿ ಭಾರತ ಸರಕಾರವು ನಡಿಸಿದ ಗೃಹವೆಚ್ಚದ ಸಮೀಕ್ಷೆಯ ಪ್ರಕಾರ, ಹಳ್ಳಿಯ ಮನೆಯವರು ವೆಚ್ಚ ಮಾಡುವ ಪ್ರತಿ 100 ರೂಪಾಯಿಗಳಲ್ಲಿ ಸುಮಾರು 47 ಆಹಾರಕ್ಕೆ ಹೋಗುತ್ತದೆ; ಪಟ್ಟಣದವರಲ್ಲಿ ಸುಮಾರು 40. ಹಳ್ಳಿಯವರ ಆ 47ರಲ್ಲಿ ಧಾನ್ಯಕ್ಕೆ ಸಲ್ಲುವದು ಸುಮಾರು 5 ಮಾತ್ರ. ಪಾನೀಯ, ತಿಂಡಿ, ಸಿದ್ಧಪಡಿಸಿದ ಆಹಾರ ಇವುಗಳಿಗೆ ಸುಮಾರು 10. ಪಡಿತರದ ಧಾನ್ಯವು ಅನೇಕರಿಗೆ ಬೆಲೆಯಿಲ್ಲದೆ ದೊರೆಯುವದು ಇದಕ್ಕೆ ಒಂದು ಕಾರಣವೇ ಸರಿ. ಆದರೂ ಹಣವು ಯಾವ ಬಾಗಿಲಿನಿಂದ ಹೊರಗೆ ಹೋಗುತ್ತದೆಂಬದನ್ನು ಈ ಅಂಕೆಗಳು ತೋರಿಸುತ್ತವೆ.

ಕೆಂಗೇರಿಯ ಸಂಗತಿಯನ್ನು ನೋಡೋಣ. ಮೈಸೂರು ರಸ್ತೆಯ ಮೇಲಿರುವ ಈ ಊರು 2007ರಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಗೆ ಸೇರಿತು. 2021ರ ಆಗಸ್ಟ್ ತಿಂಗಳಲ್ಲಿ ಮೆಟ್ರೋ ರೈಲು ಇಲ್ಲಿಯ ವರೆಗೆ ಬಂದಿತು. ಹೊಲಗಳಿದ್ದ ಕಡೆ ಮನೆಗಳೆದ್ದವು. ರಾಗಿಯನ್ನು ಹಗೇವಿನಲ್ಲಿ ತುಂಬಿ ವರುಷಗಟ್ಟಲೆ ಕಾಪಾಡಿದ ಸೀಮೆ ಇದು. ಈಗ ಇಲ್ಲಿಯ ಅನೇಕ ಮನೆಯವರು ಹಿಡಿ ಸೊಪ್ಪನ್ನೂ ಕ್ರಯ ಕೊಟ್ಟು ಕೊಳ್ಳುತ್ತಾರೆ. ಅಂಗಡಿಯು ಹತ್ತಿರ ಬಂದಷ್ಟೂ ಹಣದ ಚೀಲವು ಬೇಗನೆ ಬರಿದಾಗುವದು.

ಹೇಗಂದರೆ, ಒಬ್ಬ ತಾಯಿಯು ವಾರಕ್ಕೆ ಆರು ಸಾರಿ ಅಂಗಡಿಗೆ ಹೋಗುವಳೆಂದಿಟ್ಟುಕೊಳ್ಳಿರಿ. ಹೋದಾಗಲೆಲ್ಲಾ ಎಣಿಸದೆ ಇದ್ದ ಬಿಸ್ಕತ್ತು, ಕುರುಕಲು ಮುಂತಾದವುಗಳಿಗೆ 30 ರೂಪಾಯಿ ಕೊಟ್ಟರೆ, ವಾರಕ್ಕೆ 180, ವರುಷಕ್ಕೆ 9,360 ರೂಪಾಯಿ ಆಯಿತು. ಅದೇ ಮನೆಯವರು ಮಕ್ಕಳ ಶಾಲೆಯ ವೆಚ್ಚಕ್ಕಾಗಿ 10,000 ರೂಪಾಯಿ ಕೈಸಾಲ ಮಾಡಿ, ನೂರಕ್ಕೆ ತಿಂಗಳಿಗೆ 3ರಂತೆ ಬಡ್ಡಿ ಕೊಟ್ಟರೆ, ವರುಷಕ್ಕೆ ಬಡ್ಡಿಯೇ 3,600 ಆಗುವದು. ಆದದರಿಂದ ಸೋರಿಹೋದ ಹಣವನ್ನು ಕೂಡಿಸಿಟ್ಟಿದ್ದರೆ ಆ ಸಾಲದ ಬಹುಪಾಲು ಬೇಕಾಗುತ್ತಿರಲಿಲ್ಲ. ಈ ಸೋರಿಕೆಯನ್ನು ತಡೆಯುವ ಸುಲಭವಾದ ಉಪಾಯವು ವಾರದ ಅಡಿಗೆಯನ್ನು ಮುಂಚಿತವಾಗಿ ಗೊತ್ತುಮಾಡುವದೇ.

ಒಂದನೆಯದು: ಕೊಳ್ಳುವದಕ್ಕೆ ಮೊದಲು ಮನೆಯ ಡಬ್ಬಗಳನ್ನು ತೆರೆದು ನೋಡಿರಿ. ಇರುವ ಬೇಳೆ, ಕಾಳು, ಹಿಟ್ಟುಗಳನ್ನು ಬರೆದುಕೊಂಡು, ಅವುಗಳಿಂದ ಆಗುವ ಅಡಿಗೆಯನ್ನೇ ಮೊದಲು ಎಣಿಸಿರಿ.

ಎರಡನೆಯದು: ಬೇಗ ಕೆಡುವದನ್ನು ಮೊದಲು, ತಾಳುವದನ್ನು ಕಡೆಗೆ ಬೇಯಿಸಿರಿ. ಶನಿವಾರ ಸಂತೆ ಮಾಡಿದರೆ ಆ ಸಾಯಂಕಾಲವೇ ಸೊಪ್ಪಿನ ಬಸ್ಸಾರು ಮತ್ತು ಮುದ್ದೆ. ಆದಿತ್ಯವಾರ ಶಕ್ತಿಗೆ ತಕ್ಕಂತೆ ಮೊಟ್ಟೆ ಇಲ್ಲವೆ ಮಾಂಸ. ಸೋಮವಾರ ಬದನೆ, ಮಂಗಳವಾರ ನೆನಸಿದ ಅಲಸಂದೆ, ಬುಧವಾರ ಸೋರೆ ಅಥವಾ ಕುಂಬಳ, ಗುರುವಾರ ಮೊಳಕೆ ಬಂದ ಹುರಳಿಯ ಸಾರು. ಶುಕ್ರವಾರ ಉಳಿದ ತರಕಾರಿಗಳೆಲ್ಲ ಕೂಡಿ ಒಂದು ಹುಳಿ. ಹೀಗೆ ಬುಟ್ಟಿಯು ಬರಿದಾದ ಮೇಲೆಯೇ ಪುನಃ ಕೊಳ್ಳತಕ್ಕದ್ದು.

ಮೂರನೆಯದು: ನಮ್ಮ ಹಿರಿಯರ ಅಡಿಗೆಯಲ್ಲಿಯೇ ಮಿತವ್ಯಯದ ಜ್ಞಾನವುಂಟು. ಬಸ್ಸಾರಿನಲ್ಲಿ ಕಾಳನ್ನೂ ಸೊಪ್ಪನ್ನೂ ಒಂದೇ ಪಾತ್ರೆಯಲ್ಲಿ ಬೇಯಿಸಿ, ಬಸಿದ ಕಟ್ಟಿನಿಂದ ಸಾರನ್ನೂ ಉಳಿದದ್ದರಿಂದ ಪಲ್ಯವನ್ನೂ ಮಾಡುತ್ತಾರೆ. ಒಂದೇ ಒಲೆಯ ಉರಿಗೆ ಎರಡು ಪದಾರ್ಥಗಳು. ಕಟ್ಟಿನಲ್ಲಿ ಇಳಿದ ಸಾರವೂ ಚೆಲ್ಲಿಹೋಗುವದಿಲ್ಲ. ರಾಗಿಯ ವಿಷಯವೂ ಹಾಗೆಯೇ: ಅದು ಬಹುಕಾಲ ಹುಳು ಹಿಡಿಯದೆ ಇರುವದಲ್ಲದೆ, ಅದರ 100 ಗ್ರಾಂನಲ್ಲಿ 300 ಮಿಲಿಗ್ರಾಂಗಿಂತ ಹೆಚ್ಚು ಸುಣ್ಣದ ಅಂಶವುಂಟು. ಅಕ್ಕಿಯಲ್ಲಿ ಅದು ಅತ್ಯಲ್ಪ. ಬೆಳೆಯುವ ಮಕ್ಕಳ ಎಲುಬುಗಳಿಗೆ ಇದು ಬೇಕು.

ನಾಲ್ಕನೆಯದು: ಕಾಲವನ್ನು ನೋಡಿ ಕೊಳ್ಳಿರಿ. ಡಿಸೆಂಬರ್, ಜನವರಿ ತಿಂಗಳುಗಳಲ್ಲಿ ಮಾಗಡಿ ಸೀಮೆಯಿಂದ ಅವರೆಕಾಯಿ ಹೇರಳವಾಗಿ ಬರುವಾಗ ಅದನ್ನೇ ಉಣ್ಣುವದು ಬುದ್ಧಿ. 2023ರ ಜುಲೈ ತಿಂಗಳಲ್ಲಿ ಬೆಂಗಳೂರಿನಲ್ಲಿ ಟೊಮೇಟೊ ಹಣ್ಣಿನ ಬೆಲೆ ಕಿಲೋಗೆ 100 ರೂಪಾಯಿ ದಾಟಿತು. ಅಂಥ ದಿನಗಳಲ್ಲಿ ಹುಣಸೆಹಣ್ಣು ಸಾರಿಗೆ ಸಾಲದೇ? ಬೆಲೆ ಏರಿದ ಪದಾರ್ಥಕ್ಕೆ ಬದಲು ಯಾವದೆಂದು ಕ್ರಮದಲ್ಲಿ ಮೊದಲೇ ಬರೆದಿಡಿರಿ.

ಐದನೆಯದು: ಕೂಡಿ ಕೊಳ್ಳಿರಿ. ಕೃಷ್ಣರಾಜೇಂದ್ರ ಮಾರುಕಟ್ಟೆಯಲ್ಲಿ ಸಗಟಾಗಿ ಕೊಂಡರೆ ಬೆಲೆ ಇಳಿಯುವದು ನಿಜ. ಆದರೆ ಹೋಗಿಬರುವ ಖರ್ಚು ಆ ಲಾಭವನ್ನು ನುಂಗಬಹುದು. ಎರಡು ಮೂರು ಮನೆಯವರು ಸೇರಿ ಒಬ್ಬರನ್ನು ಕಳುಹಿಸಿ ಹಂಚಿಕೊಂಡರೆ ಖರ್ಚೂ ಹಂಚಿಹೋಗುವದು. ಪೊಟ್ಟಣಗಳನ್ನು ಕೊಳ್ಳುವಾಗ ಒಟ್ಟು ಬೆಲೆಯನ್ನಷ್ಟೇ ನೋಡದೆ, ಕಿಲೋಗೆ ಎಷ್ಟು ಬೀಳುತ್ತದೆಂದು ಲೆಕ್ಕ ಹಾಕಿರಿ. 10 ರೂಪಾಯಿಯ ಸಣ್ಣ ಪೊಟ್ಟಣವು ಅಗ್ಗವೆಂದು ತೋರಿದರೂ ಅನೇಕ ಸಾರಿ ಅದೇ ದುಬಾರಿ. ಹಾಗೆಂದು ಕೆಡುವ ವಸ್ತುವನ್ನು ಅಗ್ಗವೆಂದು ರಾಶಿ ಹಾಕಬಾರದು. ಕೊಳೆತ ತರಕಾರಿಗಿಂತ ದುಬಾರಿಯಾದದ್ದು ಬೇರೊಂದಿಲ್ಲ.

ಇಲ್ಲಿ ಒಂದು ಎಚ್ಚರಿಕೆಯನ್ನು ಹೇಳದೆ ಇರಲಾರೆವು. ಮಿತವ್ಯಯ ಬೇರೆ, ಹೊಟ್ಟೆ ಕಟ್ಟುವದು ಬೇರೆ. ಅನೇಕ ಮನೆಗಳಲ್ಲಿ ಎಲ್ಲರೂ ಉಂಡ ಮೇಲೆ ತಾಯಿಯು ಉಣ್ಣುತ್ತಾಳೆ. ಪದಾರ್ಥವು ಸಾಲದಿದ್ದರೆ ಕೊರತೆಯೆಲ್ಲಾ ಅವಳ ತಟ್ಟೆಗೇ ಬೀಳುತ್ತದೆ. ಬಸುರಿಯ ಕಾಳನ್ನೂ ಮಗುವಿನ ಹಾಲನ್ನೂ ಕಡಿಮೆ ಮಾಡಿ ಉಳಿಸಿದ ಹಣವು ವೈದ್ಯರ ಬಳಿಗೆ ಹೋಗುವದು. ವಾರದ ಕ್ರಮವನ್ನು ಬರೆಯುವಾಗ ಮನೆಯವರ ಸಂಖ್ಯೆಯಲ್ಲಿ ಅಡಿಗೆ ಮಾಡುವವಳನ್ನೂ ಎಣಿಸಿರಿ. ಗಂಡಸರು ಸಹ ಆ ಕಾಗದವನ್ನು ಓದಿ ಸಂತೆಯ ಭಾರವನ್ನು ಹೊರಲಿ.

ಉಳಿದ ಹಣವನ್ನು ಬೇರೆ ಡಬ್ಬದಲ್ಲಿಟ್ಟು ಮೊದಲು ಅಂಗಡಿಯ ಬಾಕಿಯನ್ನೂ ಅನಂತರ ಬಡ್ಡಿಯ ಸಾಲವನ್ನೂ ತೀರಿಸಿರಿ. ನಾಲ್ಕು ವಾರ ಹೀಗೆ ನಡೆದು ಲೆಕ್ಕವನ್ನು ಹೋಲಿಸಿರಿ. ಇದಕ್ಕೆ ಬೇಕಾದದ್ದು ಒಂದು ಕಾಗದ, ಒಂದು ಸೀಸದಕಡ್ಡಿ ಮತ್ತು ಶುಕ್ರವಾರ ರಾತ್ರಿಯಲ್ಲಿ ಕಾಲು ತಾಸು.

ಮನೆಯಲ್ಲಿ ಕೂಡಿ ವಿಚಾರಿಸುವದಕ್ಕೆ ಪ್ರಶ್ನೆಗಳು:
1. ಕಳೆದ ವಾರ ನಮ್ಮ ಮನೆಯಲ್ಲಿ ಕೆಟ್ಟು ಚೆಲ್ಲಿಹೋದ ಪದಾರ್ಥ ಯಾವದು? ಅದರ ಬೆಲೆ ಎಷ್ಟು?
2. ಎಣಿಸದೆ ಕೊಂಡದ್ದು ಏನೇನು?
3. ನಮ್ಮಲ್ಲಿ ಕಡೆಗೆ ಉಣ್ಣುವವರು ಯಾರು? ಅವರಿಗೆ ಸಾಕಾಗುವಷ್ಟು ಉಳಿಯುತ್ತದೋ?